ರೇಡಾರಿನ ಕ್ಷೀಣ ಮಾರ್ದನಿ

ಗುಡುಗುಮಳೆಯನ್ನು ಹವಾಮಾನ ರೇಡಾರ್ ಬಹುದೂರದಿಂದಲೇ ಗುರುತಿಸುತ್ತದೆಂಬುದು ಎಲ್ಲರಿಗೂ ವಿದಿತವೇ ಇದೆ. ತುಂತುರು ಹನಿಯ ವಿಷಯದಲ್ಲಿ ಅದಕ್ಕೆ ಈ ಸಾಮರ್ಥ್ಯ ಸಾಲದು. ಕಾರಣವನ್ನು ಹುಡುಕುತ್ತ ಹೊರಟ ನನಗೆ ಒಂದು ವಿಚಿತ್ರವಾದ ಲೆಕ್ಕ ಸಿಕ್ಕಿತು. ಅದನ್ನು ವಾಚಕರ ಮುಂದಿಡುತ್ತೇನೆ.

ರೇಡಾರ್ ಕಳುಹಿದ ಅಲೆ ಹನಿಗಳಿಗೆ ತಾಗಿದಾಗ ಅದರ ಅತ್ಯಲ್ಪ ಅಂಶ ಹಿಂದಿರುಗುತ್ತದೆ. ಹನಿಯು ಅಲೆಯುದ್ದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಈ ಮಾರ್ದನಿಯ ಬಲ ಹನಿಯ ವ್ಯಾಸದ ಆರನೆಯ ಘಾತವನ್ನು ಅನುಸರಿಸುತ್ತದೆ. ನೀರಿನ ಮೊತ್ತವಾದರೋ ಮೂರನೆಯ ಘಾತವನ್ನು. ಒಂದು ಘನ ಮೀಟರ್ ಗಾಳಿಯಲ್ಲಿ 1 ಮಿಲಿಮೀಟರ್ ವ್ಯಾಸದ ಒಂದೇ ಹನಿಯಿದೆಯೆನ್ನಿ; ಮತ್ತೊಂದರಲ್ಲಿ 0.2 ಮಿಲಿಮೀಟರಿನ ಸಾವಿರ ಹನಿಗಳು. ಎರಡನೆಯದರಲ್ಲಿ ನೀರು ಎಂಟು ಪಟ್ಟು. ಮಾರ್ದನಿಯೋ, ಸುಮಾರು ಹದಿನಾರರಲ್ಲಿ ಒಂದು ಪಾಲು! ರೇಡಾರಿನವರ ಡೆಸಿಬೆಲ್ ಮಾನದಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು ಸುಮಾರು ಋಣ 12. ಋಣಚಿಹ್ನೆಯನ್ನು ಕಂಡು ‘ಇದೇನು, ಇಲ್ಲದ ಮಳೆಯೇ?’ ಎಂದು ನಾನೂ ಬೆರಗಾಗಿದ್ದೆ. ಅದು ಲಾಗರಿತಮಿನ ಮಾತು ಅಷ್ಟೆ; ಒಂದಕ್ಕಿಂತ ಕಡಿಮೆ ಎಂದರ್ಥ.

ಇಂಥದನ್ನು ಅಳೆಯುವುದು ಹೇಗೆ? ಗ್ರಾಹಕ ಯಂತ್ರದೊಳಗೆ ಉಷ್ಣದಿಂದ ಹುಟ್ಟುವ ಗದ್ದಲ ಸದಾ ಇದ್ದೇ ಇರುತ್ತದೆ. ಮಾರ್ದನಿ ಬಾರದ ಎಡೆಯಲ್ಲಿ ಅದನ್ನು ಮೊದಲು ಅಳೆದುಕೊಂಡು, ಆಮೇಲೆ ಒಟ್ಟಿನಿಂದ ಕಳೆಯಬೇಕು. ಗದ್ದಲ 100, ಒಟ್ಟು 105 ಎಂದಾದರೆ ಮಾರ್ದನಿ 5. ಆದರೆ ಗದ್ದಲ ಒಂದೇ ಸಮನಾಗಿರದು. ಪ್ರತಿ ಅಳತೆಯಲ್ಲಿಯೂ ಅದು ಬಹಳವಾಗಿ ಏರುಪೇರಾಗುತ್ತದೆ. ನೂರು ಅಳತೆಗಳ ಸರಾಸರಿಯಲ್ಲಿ ದೋಷ 10ರಷ್ಟು ಉಳಿಯುತ್ತದೆ. ನಮ್ಮ 5 ಅದರಲ್ಲಿ ಮುಳುಗಿಹೋಗುತ್ತದೆ. ಹತ್ತು ಸಾವಿರ ಅಳತೆಗಳಾದರೆ ದೋಷ 1ಕ್ಕೆ ಇಳಿದು, 5 ತಲೆಯೆತ್ತುತ್ತದೆ.

ಮಾರ್ದನಿಯದೂ ಚಂಚಲ ಸ್ವಭಾವವೇ. ಇದನ್ನು ಮಾರ್ಷಲ್ ಮತ್ತು ಹಿಚ್‌ಫೆಲ್ಡ್ ಎಂಬ ವಿಜ್ಞಾನಿಗಳು 1953ರಲ್ಲಿ ವಿವರಿಸಿದರು. ಹನಿಗಳು ಜಾಗ ಬದಲಿಸಿದಂತೆಲ್ಲ ಅವುಗಳಿಂದ ಬರುವ ಅಲೆಗಳು ಒಮ್ಮೆ ಪರಸ್ಪರ ಕೂಡಿಕೊಳ್ಳುತ್ತವೆ, ಒಮ್ಮೆ ಅಳಿಸಿಕೊಳ್ಳುತ್ತವೆ. ಹನಿಗಳು ಚದರುವ ಮುನ್ನವೇ ಮತ್ತೆ ಅಳೆದರೆ ಅದು ಹಿಂದಿನದರ ನಕಲು ಮಾತ್ರ. ಹೊಸ ಸಂಗತಿಯೇನೂ ತಿಳಿಯದು.

ಸೆಕೆಂಡಿಗೆ ಸಾವಿರ ಸಲ ಅಲೆ ಬಿಟ್ಟರೂ ಹತ್ತು ಸಾವಿರ ಅಳತೆಗೆ 10 ಸೆಕೆಂಡು ಬೇಕು. ಸುತ್ತಲೂ ತಿರುಗುತ್ತಿರುವ ಆಂಟೆನಾಗೆ ಒಂದೇ ದಿಕ್ಕಿನಲ್ಲಿ ಅಷ್ಟು ಹೊತ್ತು ನಿಲ್ಲಲು ಬಿಡುವೆಲ್ಲಿ? ಆದ್ದರಿಂದ ಒಂದು ಮಿತಿಯನ್ನು ಗೊತ್ತುಮಾಡಿ, ಅದರ ಕೆಳಗಿನದನ್ನೆಲ್ಲ ಪಟದಿಂದ ಅಳಿಸುತ್ತಾರೆ. ಮಿತಿಯನ್ನು ತಗ್ಗಿಸಿದರೆ ಗದ್ದಲವೇ ಮಳೆಯಂತೆ ಕಾಣುತ್ತದೆ; ಏರಿಸಿದರೆ ಎಂಟು ಪಟ್ಟು ನೀರಿದ್ದ ಆ ತುಂತುರು ಮಾಯವಾಗುತ್ತದೆ. ಈ ಎರಡರಲ್ಲಿ ಮೊದಲನೆಯ ತಪ್ಪೇ ಲೇಸೆಂದು ನನ್ನ ಎಣಿಕೆ. ಅದು ಕಣ್ಣಿಗಾದರೂ ಬೀಳುತ್ತದೆ. ತುಂತುರನ್ನೇ ಅಭ್ಯಸಿಸಹೊರಟವರು ಕೆಲವೇ ಮಿಲಿಮೀಟರಿನ ಅಲೆಯನ್ನು ಬಳಸಿ, ಆಂಟೆನಾವನ್ನು ತಿರುಗಿಸದೆ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ತಲೆಯ ಮೇಲೆ ಸಾಗುವ ಮೋಡವನ್ನು ಆಲಿಸುತ್ತಾರೆ.