ಪೊಲೀಸರ ಹೊಣೆಗಾರಿಕೆ: ನಗರಸಭೆಯ ಪಾತ್ರವೆಷ್ಟು?

ಗದಗ-ಬೆಟಗೇರಿಯಲ್ಲಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಯಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ ಇವೆ. ಠಾಣೆಗೆ ಸಂಬಳ ಕೊಡುವುದು ಇವುಗಳಲ್ಲಿ ಯಾವುದೂ ಅಲ್ಲ. ಪೊಲೀಸ್ ವಿಷಯ ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ. ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಇಲ್ಲ. ಮುಖ್ಯ ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಬಜೆಟ್‌ಗೆ ಮಂಜೂರಾತಿ ಕೊಡುವುದು ನಗರ ಮಂಡಳಿ, ನಮ್ಮಲ್ಲಿ ವಿಧಾನಸಭೆ.

ಬೆಟಗೇರಿಯ ನೇಕಾರರೊಬ್ಬರ ದೂರನ್ನು ಠಾಣೆ ದಾಖಲಿಸಲಿಲ್ಲ ಎಂದುಕೊಳ್ಳಿ. ವಾರ್ಡ್ ಸದಸ್ಯರು ಜೊತೆಗೆ ಹೋಗಬಹುದು, ಆದೇಶ ಕೊಡಲಾರರು. ದೂರುದಾರರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಡಿ ಎಸ್‌ಪಿಗೆ ಅಂಚೆಯಲ್ಲಿ ಬರೆಯಬೇಕು. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಈ ದಾರಿ ಪ್ರತಿ ಓಣಿಗೂ ತಿಳಿದಿರಬೇಕು.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಪೊಲೀಸರ ವಿರುದ್ಧದ ದೂರು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ರಚಿಸಲು ಹೇಳಿತು. ಅದಕ್ಕಾಗಿ ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಡಿವೈಎಸ್‌ಪಿ ದರ್ಜೆಯವರೆಗಿನ ಅಧಿಕಾರಿಗಳ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ ಎಂಬುದು ಕೋರ್ಟ್ ಹಾಕಿಕೊಟ್ಟ ಗೆರೆ.

ಸ್ಥಳೀಯ ಸಂಸ್ಥೆಗೆ ಒಂದು ಕಿಂಡಿ ಮಾತ್ರ ತೆರೆದಿದೆ. ಅದು ಸುಪ್ರೀಂ ಕೋರ್ಟ್‌ನ ಪರಮವೀರ್ ಸಿಂಗ್ ಸೈನಿ ತೀರ್ಪು (2 ಡಿಸೆಂಬರ್ 2020). ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್‌ನಲ್ಲೂ ಇರಬೇಕು. ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕು. ನಿಗಾ ವಹಿಸುವ ಜಿಲ್ಲಾ ಸಮಿತಿಯಲ್ಲಿ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ ಅವರೊಂದಿಗೆ ಪುರಸಂಸ್ಥೆಯ ಮೇಯರ್‌ಗೂ, ಗ್ರಾಮೀಣ ಭಾಗದಲ್ಲಿ ಜಿಲ್ಲಾ ಪಂಚಾಯಿತಿ ಮುಖ್ಯಸ್ಥರಿಗೂ ಸ್ಥಾನವಿದೆ. ಮುಖ್ಯ ಪರೀಕ್ಷೆಯ ಉತ್ತರದಲ್ಲಿ ಈ ಅಂಶವನ್ನು ಬಿಡಬೇಡಿ.