ಮೇಕೆಮರಿ ಎಲ್ಲಿಂದ ಬಂತು?



ತೋಬಿತನ ಗ್ರಂಥ ಎಂದಕೂಡಲೇ ನಮಗೆ ನೆನಪಾಗುವುದು ಅವನ ಮಗ ತೋಬಿಯಾಸ್ ಮತ್ತು ಸೊಸೆ ಸಾರಾ ಮದುವೆಯ ರಾತ್ರಿ ಮಾಡಿದ ಪ್ರಾರ್ಥನೆ. ವಿವಾಹದ ಬಲಿಪೂಜೆಯಲ್ಲಿ ಅದನ್ನು ಓದುವುದುಂಟು. ಆದರೆ ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಗಂಡ ಹೆಂಡಿರ ಒಂದು ಜಗಳವಿದೆ. ಅದನ್ನು ಮದುವೆಯ ದಿನ ಯಾರೂ ಓದುವುದಿಲ್ಲ. ಮದುವೆಯಾಗಿ ಹತ್ತು ವರ್ಷ ಕಳೆದವರು ಕೂತು ಓದಬೇಕಾದ ಭಾಗ ಅದು.

ತೋಬಿತನು ನಿನೆವೆಯಲ್ಲಿ ಪರದೇಶಿಯಾಗಿ ಬಾಳುತ್ತಿದ್ದ ಧರ್ಮವಂತ. ಬೀದಿಯಲ್ಲಿ ಕೊಲೆಯಾಗಿ ಬಿದ್ದಿದ್ದ ತನ್ನವನೊಬ್ಬನನ್ನು ಹೂಳಿ ಬಂದು ಅಂಗಳದಲ್ಲಿ ಮಲಗಿದ್ದಾಗ, ಗುಬ್ಬಚ್ಚಿಗಳ ಹಿಕ್ಕೆ ಬಿದ್ದು ಅವನ ಕಣ್ಣು ಹೋಯಿತು. ದುಡಿಮೆ ನಿಂತಿತು. ಹೆಂಡತಿ ಅನ್ನಾ ನೇಯ್ಗೆ ಕೆಲಸಕ್ಕೆ ಕೈಹಾಕಿದಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ, ಗರಗದಲ್ಲಿ ಅದಕ್ಕೆ ಖಾದಿ ನೇಯುವ ನಮ್ಮ ತಾಯಂದಿರನ್ನು ಕಂಡವರಿಗೆ ಈ ಬದುಕು ಹೊಸದಲ್ಲ. ಮಾಡಿದಷ್ಟಕ್ಕೆ ಕೂಲಿ, ಆ ಕೂಲಿಯಲ್ಲೇ ಮನೆ.

ಒಂದು ದಿನ ಅನ್ನಾ ನೇಯ್ದ ಬಟ್ಟೆಯನ್ನು ಒಪ್ಪಿಸಿದಾಗ ಧಣಿಗಳು ಪೂರ್ತಿ ಕೂಲಿ ಕೊಟ್ಟು, ಮೇಲೊಂದು ಮೇಕೆಮರಿಯನ್ನೂ ಕೊಟ್ಟರು. ಮನೆಯೊಳಗೆ ಮರಿ ಕೂಗಿತು. ಕುರುಡ ಗಂಡನ ಕಿವಿ ನೆಟ್ಟಗಾಯಿತು. ಇದೆಲ್ಲಿಂದ ಬಂತು, ಕದ್ದದ್ದಲ್ಲ ತಾನೆ, ಒಡೆಯರಿಗೆ ಹಿಂದಿರುಗಿಸು ಎಂದ. ಕೂಲಿಯ ಮೇಲೆ ಇನಾಮಾಗಿ ಕೊಟ್ಟರು ಎಂದಳು ಅವಳು. ಅವನು ನಂಬಲಿಲ್ಲ. ಅವಳ ಪರವಾಗಿ ತಾನೇ ನಾಚಿದ. ಆಗ ಅನ್ನಾ ಸಿಡಿದೆದ್ದಳು: ನಿನ್ನ ದಾನಧರ್ಮಗಳು ಈಗೆಲ್ಲಿ ಹೋದವು ಎಂದು ಕೇಳಿದಳು. ಮುಂದಿನ ಅಧ್ಯಾಯದ ಆರಂಭದಲ್ಲೇ ತೋಬಿತನು ಅಳುತ್ತಾ ದೇವರಲ್ಲಿ ಸಾವನ್ನು ಬೇಡುತ್ತಾನೆ. ಒಂದು ಮೇಕೆಮರಿ ಎಷ್ಟು ದೂರ ಎಳೆದೊಯ್ದಿತು ನೋಡಿ!

ತೋಬಿತ ಕೆಟ್ಟವನಲ್ಲ. ಕೇಳಿದ ಪ್ರಶ್ನೆಯೂ ತಪ್ಪಲ್ಲ. ಕುಟುಂಬ ಜೀವನದ ಬೋಧಕರು ಸಾಮಾನ್ಯವಾಗಿ 'ಊಹಿಸಬೇಡಿ, ಕೇಳಿರಿ' ಎನ್ನುತ್ತಾರೆ. ತೋಬಿತ ಕೇಳಿದನಲ್ಲ! ಆದರೆ ಉತ್ತರ ಬರುವ ಮೊದಲೇ ತೀರ್ಪು ಸಿದ್ಧವಾಗಿತ್ತು. ಅವನ ಕೈಯಲ್ಲಿದ್ದ ಸಾಕ್ಷ್ಯ ಒಂದು ಕೂಗು ಮಾತ್ರ. ಉಳಿದದ್ದನ್ನು ತುಂಬಿದ್ದು ಅವನ ಬಡತನದ ಭಯ. ಹೆಂಡತಿಯ ಗಳಿಕೆಯಲ್ಲಿ ಉಣ್ಣುವ ಸಂಕಟವೂ ಅದರಲ್ಲಿ ಇದ್ದೀತು. ಬಟ್ಟೆಯ ಧಣಿಗಳನ್ನು ಒಂದು ಮಾತು ಕೇಳಿಸಿದ್ದರೆ ಸಾಕಿತ್ತು. ಅನ್ನಾ ಕೂಡ ಬಿಡಲಿಲ್ಲ. ಗಂಡನ ಒಂದು ಮಾತಿನಿಂದ ಅವನ ಇಡೀ ಜೀವನದ ಪುಣ್ಯವನ್ನೇ ಅಳೆದುಬಿಟ್ಟಳು.

ನಮ್ಮ ಮನೆಗಳಲ್ಲಿ ಮೇಕೆಮರಿಗಳಿಗೆ ಬರವಿಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನೇ ತೆಗೆದುಕೊಳ್ಳಿ. 'ಈ ತಿಂಗಳ ದುಡ್ಡು ಏನು ಮಾಡಿದಿ?' ಎಂದು ಗಂಡ ಕೇಳುತ್ತಾನೆ. 'ಇನ್ನೂ ಬಂದಿಲ್ಲ' ಎನ್ನುತ್ತಾಳೆ ಹೆಂಡತಿ. ಕಂತು ತಡವಾಗಿ ಬಂದದ್ದು ಎಷ್ಟೋ ಸಲ ಉಂಟು. ಆದರೂ ಅವನ ಮನಸ್ಸು ಆಗಲೇ ಅವಳ ತವರುಮನೆಯ ದಾರಿ ಹಿಡಿದಿರುತ್ತದೆ. ಪಾಸ್‌ಬುಕ್ ಅಲ್ಲೇ ಕಪಾಟಿನಲ್ಲಿದೆ! ಅಥವಾ ಧಾರವಾಡದಲ್ಲಿ ಕೆಲಸ ಮಾಡುವ ಗಂಡ ರಾತ್ರಿ ಒಂಬತ್ತಕ್ಕೆ ಚಿಗರಿ ಬಸ್ಸಿಳಿದು ಹುಬ್ಬಳ್ಳಿಯ ಮನೆಗೆ ಬರುತ್ತಾನೆ, ಫೋನ್ ಎತ್ತಿಲ್ಲ, ಊಟಕ್ಕೆ ಕೂತರೆ ಮಾತಿಲ್ಲ. ಹೆಂಡತಿ ಕಂಡದ್ದು ಇಷ್ಟೇ. 'ಇವರಿಗೆ ನಾನು ಬೇಡವಾಗಿದ್ದೇನೆ' ಎಂಬುದು ಅವಳು ಕಟ್ಟಿಕೊಂಡದ್ದು.

ಇನ್ನೊಂದು ತೊಡಕು ನಮ್ಮ ಊರಿನದೇ. ರೈಲ್ವೆಯ ಕಾರಣದಿಂದ ಹುಬ್ಬಳ್ಳಿಯಲ್ಲಿ ಕೊಂಕಣಿ, ತಮಿಳು, ತೆಲುಗು, ಕನ್ನಡ ಮನೆಗಳು ಒಂದೇ ಪೂಜೆಗೆ ಸೇರುತ್ತವೆ, ಬೀಗತನವೂ ಬೆಳೆಯುತ್ತದೆ. ಕರಾವಳಿಯಿಂದ ಬಂದ ಸೊಸೆ ಏನೋ ಕೇಳಿದಾಗ ಇಲ್ಲಿಯ ಗಂಡ 'ಆತ್ ಬಿಡು' ಎನ್ನುತ್ತಾನೆ. ನಮ್ಮ ಕಡೆ ಅದು ಒಪ್ಪಿಗೆ. ಅವಳ ಕಿವಿಗೆ ಅದು 'ಸಾಕು ಮಾಡು' ಎಂದಂತೆ. ಅವಳು ನೊಂದು ಮೌನವಾದರೆ, ಅವಳ ಮನೆಯಲ್ಲಿ ಮೌನವೆಂದರೆ 'ದಯವಿಟ್ಟು ವಿಚಾರಿಸಿ' ಎಂದಿರಬಹುದು. ಇವನಿಗೋ ಮೌನವೆಂದರೆ ಎಲ್ಲ ಸರಿಯಾಗಿದೆ ಎಂದು!

ಆದ್ದರಿಂದ ಸಿಟ್ಟು ಬಂದ ರಾತ್ರಿ ಒಂದು ಅಭ್ಯಾಸ ಮಾಡಿರಿ. ಕಂಡದ್ದೇನು, ಕಟ್ಟಿದ್ದೇನು ಎಂದು ಮನಸ್ಸಿನಲ್ಲೇ ಎರಡು ಪಾಲು ಮಾಡಿ. ಮೊದಲ ಪಾಲನ್ನು ಮಾತ್ರ ಬಾಯಿಬಿಟ್ಟು ಹೇಳಿ: 'ಒಂಬತ್ತಾಯಿತು, ಫೋನ್ ಎತ್ತಲಿಲ್ಲ, ನನಗೆ ದಿಗಿಲಾಯಿತು.' ಆಮೇಲೆ ಕಾಯಿರಿ. ಕಷ್ಟವಿರುವುದು ಈ ಕಾಯುವಿಕೆಯಲ್ಲೇ. ಬಂದ ಉತ್ತರ ನಿಮ್ಮ ಊಹೆಯನ್ನು ಕೆಡವಿದರೆ ಅದನ್ನು ಬೀಳಲು ಬಿಡಬೇಕು. ಅನೇಕರಿಗೆ ಸಂಗಾತಿ ನಿರ್ದೋಷಿ ಎಂದು ತಿಳಿದ ಸಮಾಧಾನಕ್ಕಿಂತ ವಾದದಲ್ಲಿ ಸೋತ ಬೇಸರವೇ ದೊಡ್ಡದಾಗಿ ಕಾಣುತ್ತದೆ.

ದಿವಂಗತ ಪೋಪ್ ಫ್ರಾನ್ಸಿಸ್ 2016ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, 'ಅಮೋರಿಸ್ ಲೆತಿಸಿಯಾ' ಎಂಬ ಬೋಧನಾ ಪತ್ರಕ್ಕೆ ಸಹಿ ಹಾಕಿದರು. ಅದರ ನಾಲ್ಕನೆಯ ಅಧ್ಯಾಯವು ಸಂತ ಪೌಲರ ಪ್ರೀತಿಯ ಗೀತೆಯನ್ನು ಪದಪದವಾಗಿ ಬಿಡಿಸುತ್ತದೆ. ಪ್ರೀತಿ ಎಲ್ಲವನ್ನೂ ನಂಬುತ್ತದೆ ಎಂಬಲ್ಲಿ ಅವರು ಹೇಳುವುದು, ಸಂಗಾತಿಯ ಪ್ರತಿ ಹೆಜ್ಜೆಯನ್ನೂ ಕಾಯುತ್ತಾ ಕೂರಬೇಡಿ ಎಂದು. ನಂಬಿಕೆ ಇರುವಲ್ಲಿ ಮುಚ್ಚಿಡುವ ಅಗತ್ಯವೂ ಕಡಿಮೆಯಾಗುತ್ತದೆ. ಸದಾ ಸಂಶಯಕ್ಕೆ ಗುರಿಯಾದವರೇ ರಹಸ್ಯಗಳನ್ನು ಕಲಿಯುತ್ತಾರೆ. ಸಂಗಾತಿಯ ಫೋನನ್ನು ಕದ್ದು ನೋಡುವವರು ಈ ಅಧ್ಯಾಯವನ್ನು ಎರಡು ಸಲ ಓದಬೇಕು.

ಆದರೆ ಒಂದು ಎಚ್ಚರ. ಹೊಡೆತ, ಬೆದರಿಕೆ, ಕುಡಿದು ಮನೆ ಹಾಳುಮಾಡುವುದು, ಇವು ಊಹೆಗಳಲ್ಲ. ಇವನ್ನು 'ತಪ್ಪು ತಿಳಿವಳಿಕೆ' ಎಂದು ನುಂಗಿಕೊಳ್ಳುವಂತೆ ಯಾವ ಹೆಣ್ಣುಮಗಳಿಗೂ ಹೇಳಬಾರದು, ಗುರುಗಳೂ ಹೇಳಬಾರದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿಯು ಗಂಭೀರ ಅಪಾಯವಿದ್ದಾಗ ಬೇರೆ ಇರಲು ಅವಕಾಶ ಕೊಡುತ್ತದೆ. ತಡಮಾಡಿದರೆ ಅಪಾಯವೆಂದಾದರೆ ಅನುಮತಿಗೆ ಕಾಯಬೇಕಾಗಿಲ್ಲ. ದೇಶದ ಕಾನೂನಿನಲ್ಲೂ 2006ರಿಂದ ಕೌಟುಂಬಿಕ ಹಿಂಸೆಯಿಂದ ರಕ್ಷಣೆಯಿದೆ. ಮಹಿಳಾ ಸಹಾಯವಾಣಿ 181.

ಮತ್ತೆ ನಿನೆವೆಯ ಆ ಮನೆಗೆ ಹೋಗೋಣ. ಮೇಕೆಮರಿಯ ವಿಷಯದಲ್ಲಿ ತೋಬಿತ ಕ್ಷಮೆ ಕೇಳಿದನೇ ಎಂದು ಗ್ರಂಥ ಹೇಳುವುದಿಲ್ಲ. ಅವರ ನಡುವೆ ಮಾತಿನ ಚಕಮಕಿ ಮುಂದೆಯೂ ನಡೆಯುತ್ತದೆ. ಮಗ ದೂರದ ಮೇದ್ಯಕ್ಕೆ ಹೋಗಿ ಹೇಳಿದ ದಿನಕ್ಕೆ ಬಾರದಿದ್ದಾಗ ಅನ್ನಾ ಸತ್ತನೆಂದು ಅಳುತ್ತಾಳೆ, ಗಂಡನ ಸಮಾಧಾನ ಅವಳಿಗೆ ಬೇಡ. ದಿನವೂ ಮಗ ಹೋದ ದಾರಿಯನ್ನೇ ನೋಡುತ್ತಾ ಕೂರುತ್ತಾಳೆ. ಕೊನೆಗೊಂದು ದಿನ ದೂರದಲ್ಲಿ ಅವನನ್ನು ಕಂಡು, ನಿನ್ನ ಮಗ ಬರುತ್ತಿದ್ದಾನೆ ಎಂದು ಗಂಡನಿಗೆ ಹೇಳುತ್ತಾಳೆ. ತೋಬಿತನ ಬಳಿ ಅವಳ ಮಾತಲ್ಲದೆ ಬೇರೆ ಸಾಕ್ಷಿಯಿರಲಿಲ್ಲ. ಅವನು ಎದ್ದು, ಎಡವುತ್ತಾ, ಅಂಗಳದ ಬಾಗಿಲು ದಾಟಿ ಹೊರಗೆ ಬಂದ.