ಹನ್ನೆರಡನೇ ಕಾಲಂ

ಪುಟ್ಟೀ,

ಯಾವ ದೇಶದಲ್ಲಿ ಯಾವ ಮೊಬೈಲ್ ಕಂಪನಿಯ ಕೈಯಲ್ಲಿ ಎಷ್ಟು ತರಂಗಾಂತರವಿದೆ, ಅದರ ಅವಧಿ ಎಂದು ಮುಗಿಯುತ್ತದೆ ಎಂದು ಪಟ್ಟಿ ಇಡುವ ಕೆಲಸವಂತೆ ನಿನ್ನದು. ನಿನ್ನಮ್ಮ ಹೇಳಿದ ಕೂಡಲೇ ನನಗೆ ಅರ್ಥವಾಯಿತು. ಮೂಡಿಗೆರೆ ಸೀಮೆಯಲ್ಲಿ ಮೂವತ್ತು ವರ್ಷ ಗ್ರಾಮಲೆಕ್ಕಿಗನಾಗಿ ಪಹಣಿ ನೋಡಿಕೊಂಡವನು ನಾನು. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರ, ಋಣ. ಕಣ್ಣಿಗೆ ಕಾಣದ ಅಲೆಗೂ ಇವೇ ಬೇಕಲ್ಲ.

‘ಕೊಂಡರು’ ಎಂದು ಮಾತ್ರ ಬರೆಯಬೇಡ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಸಾರದ ಮೊಕದ್ದಮೆಯಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅಲೆಗಳು ಸಾರ್ವಜನಿಕರ ಸ್ವತ್ತು ಎಂದು. ಹರಾಜಿನಲ್ಲಿ ಗೆದ್ದವನಿಗೆ ಸಿಗುವುದು 20 ವರ್ಷದ ಬಳಕೆಯ ಹಕ್ಕು, ಅಷ್ಟೆ. ಸರ್ಕಾರಿ ಜಮೀನಿನ ಗುತ್ತಿಗೆಗೂ ಹಿಡುವಳಿಗೂ ಇರುವ ಅಂತರ ನಮ್ಮ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಬ್ರಿಟನ್ನಿನ ಹಲವು ಲೈಸೆನ್ಸ್‌ಗಳಿಗಾದರೋ ಮುಗಿಯುವ ದಿನವೇ ಇಲ್ಲ. ಮೊದಲ ಅವಧಿ ಕಳೆದ ಮೇಲೆ ವರ್ಷವರ್ಷ ಶುಲ್ಕ ಕಟ್ಟುತ್ತ ಮುಂದುವರಿಯುತ್ತಾರೆ. ಅಂಥ ಕಡೆ ನೀನಾಗಿ ಒಂದು ತಾರೀಕು ತುಂಬಬೇಡ.

ಅಳತೆಯಲ್ಲಿ ಇನ್ನೂ ಎಚ್ಚರ ಬೇಕು. ಘಟ್ಟದ ಕೆಳಗಿನವರು ಸೆಂಟ್ಸ್ ಎನ್ನುತ್ತಾರೆ, ನಾವು ಗುಂಟೆ ಎನ್ನುತ್ತೇವೆ. ಅವರಿಗೆ ನೂರಕ್ಕೆ ಎಕರೆ, ನಮಗೆ ನಲವತ್ತಕ್ಕೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನ್ನು ಇನ್ನೊಂದೆಂದು ಬರೆದುಬಿಟ್ಟೆ. ಅದನ್ನು ತಿದ್ದಿಸಲು ಒಬ್ಬ ಬಡ ರೈತ ಎರಡು ವರ್ಷ ಅಲೆದ. ಅವನ ಮುಖ ಇಂದಿಗೂ ಮರೆತಿಲ್ಲ. ನಿನ್ನ ಪಟ್ಟಿಯಲ್ಲೂ ಅದೇ ಗುಂಡಿಯಿದೆ: ನಮ್ಮ ಹರಾಜಿನಲ್ಲಿ 700 ಬ್ಯಾಂಡಿನ 10 ಮೆಗಾಹರ್ಟ್ಸ್ ಎಂದರೆ ಹೋಗಲು ಹತ್ತು, ಬರಲು ಹತ್ತು. ಬೇರೆ ಎಷ್ಟೋ ಕಡೆ ಅದನ್ನೇ 20 ಎಂದು ಎಣಿಸುತ್ತಾರೆ. ಇದನ್ನು ನೋಡದೆ ಎರಡು ದೇಶಗಳ ದರ ಹೋಲಿಸಿದರೆ ಒಂದಕ್ಕೆರಡು ತಪ್ಪು.

ಆ 700ರ ಕಥೆಯನ್ನು ಪೂರ್ತಿ ಓದು. ಬೆಟ್ಟಸೀಮೆಗೆ ಬೇಕಾದ ಅಲೆ ಅದು, ದೂರ ಹೋಗುತ್ತದೆ. 3300ರದ್ದು ಬೇಗ ಸೋಲುತ್ತದೆ, 26 ಗಿಗಾಹರ್ಟ್ಸ್‌ಗೆ ತೋಟದ ಸಿಲ್ವರ್ ಓಕ್ ಎಲೆಯೇ ಅಡ್ಡಿ. 2016ರಲ್ಲಿ ದೇಶಕ್ಕೆಲ್ಲ ಸೇರಿ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ ಮೂಲಬೆಲೆ ಇಟ್ಟರು, ಯಾರೂ ಕೂಗಲಿಲ್ಲ. 2021ರಲ್ಲಿ ಇಳಿಸಿದರೂ ಕೂಗಲಿಲ್ಲ. 2022ರಲ್ಲಿ 3,927 ಕೋಟಿಗೆ ಇಳಿದ ಮೇಲೆ ಜಿಯೋ ದೇಶದ 22 ಟೆಲಿಕಾಂ ಸರ್ಕಲ್‌ಗಳಲ್ಲೂ 10 ಮೆಗಾಹರ್ಟ್ಸ್ ಹಿಡಿಯಿತು. ಬಿಎಸ್‌ಎನ್‌ಎಲ್ ಹೆಸರು ಆ ಹರಾಜಿನ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಕೇಂದ್ರ ಸರ್ಕಾರ ನೇರವಾಗಿ ಹಂಚಿಕೆ ಮಾಡಿತು, 2023ರ ಜೂನ್‌ನಲ್ಲಿ ಸಂಪುಟ ಒಪ್ಪಿತು. ಹರಾಜಿನ ಫಲಿತಾಂಶ ಒಂದನ್ನೇ ನೆಚ್ಚಿಕೊಂಡರೆ ನಮ್ಮ ಕಾಡುಮೇಡಿನ ಎಷ್ಟೋ ಮನೆಗಳು ನೆಚ್ಚಿಕೊಂಡಿರುವ ಕಂಪನಿಯೇ ನಿನ್ನ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಈಗ ಮುಖ್ಯ ಮಾತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ. ಒಡೆಯನಿದ್ದೂ ಬೀಳುಬಿದ್ದ ನೆಲ ಎಷ್ಟೋ ನೋಡಿದ್ದೇನೆ. ತರಂಗಾಂತರದ ಪಟ್ಟಿಗಳಲ್ಲಿ ಒಂಬತ್ತನೇ ಕಾಲಂ ತುಂಬಿರುತ್ತದೆ, ಹನ್ನೆರಡನೆಯದು ಇರುವುದೇ ಇಲ್ಲ. ಕರ್ನಾಟಕ ಇಡೀ ಒಂದೇ ಸರ್ಕಲ್, ಬೆಂಗಳೂರಿನ ಎಂ.ಜಿ. ರಸ್ತೆಗೂ ಕಳಸದ ಕಣಿವೆಗೂ ಒಂದೇ ಸಾಲು. ನಿನ್ನ ದೊಡ್ಡಮ್ಮನಿಗೆ ಎದೆನೋವು ಬಂದ ಆಷಾಢದ ರಾತ್ರಿ ಕರೆಂಟು ಹೋಗಿ ಮೂರು ದಿನವಾಗಿತ್ತು, ಹತ್ತಿರದ ಟವರಿನ ಬ್ಯಾಟರಿಯೂ ಮುಗಿದಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಲು ಟಾರ್ಚ್ ಹಿಡಿದು ತೋಟದ ಮೇಲಿನ ದಿಣ್ಣೆ ಹತ್ತಿದೆ. ಕಾಗದದಲ್ಲಿ ಆ ರಾತ್ರಿಯೂ ನಮ್ಮ ತಲೆಯ ಮೇಲೆ ತರಂಗಾಂತರವಿತ್ತು.

ಬ್ರೆಜಿಲ್‌ನ ಕಾಫಿಗೆ ಹಿಮ ಬಿತ್ತೇ ಎಂದು ಇಲ್ಲಿ ಎಲ್ಲರೂ ವಿಚಾರಿಸುತ್ತಾರೆ. ಅವರ 2021ರ 5ಜಿ ಹರಾಜನ್ನು ನೀನು ವಿಚಾರಿಸು. ಅಲ್ಲಿ ಹೆಚ್ಚಿನ ಪಾಲು ಖಜಾನೆಗೆ ಹಣವಾಗಿ ಬರಲಿಲ್ಲ; ಹೆದ್ದಾರಿಗೆ, ಶಾಲೆಗೆ, ದೂರದ ಊರುಗಳಿಗೆ ಸಂಪರ್ಕ ಕೊಡುವ ಕಟ್ಟುಪಾಡಾಗಿ ಬಂತು. ಹಣವೊಂದನ್ನೇ ಬರೆದರೆ ಆ ದೇಶ ಅಗ್ಗಕ್ಕೆ ಕೊಟ್ಟಂತೆ ಕಾಣುತ್ತದೆ.

ದೀಪಾವಳಿಗೆ ಬರುವಾಗ ಕರ್ನಾಟಕದ ಪುಟವನ್ನು ಪ್ರಿಂಟ್ ಮಾಡಿಸಿ ತಾ. ಕಳಸದಿಂದ ಸಂಸೆಯ ಕಡೆಗೆ ಜೀಪಿನಲ್ಲಿ ಹೋಗೋಣ. ಎಲ್ಲೆಲ್ಲಿ ನೆಟ್‌ವರ್ಕ್ ಹೋಗುತ್ತದೋ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ, ನೀನು ಹೊತ್ತು ಬರೆದುಕೋ.

ನಿನ್ನ ದೊಡ್ಡಪ್ಪ